ನನ್ನ ಸ್ಪೀಕರಿಗೆ ಅಮ್ಮನ ವೀಣೆಯೇ ಒರೆಗಲ್ಲು

ಅರವತ್ತೆಂಟು ಸಾವಿರ ಕೊಟ್ಟು ತಂದ ವಿದೇಶಿ ಸ್ಪೀಕರ್ ಜೋಡಿಯನ್ನು ಕೊನೆಗೆ ನಲವತ್ತು ಸಾವಿರಕ್ಕೆ ಮಾರಿದೆ. ಕಂಪನಿಯ ಹೆಸರು ಬೇಡ. ಓದಿದ ವಿಮರ್ಶೆಗಳೆಲ್ಲ ಅದನ್ನು ಹಾಡಿ ಹೊಗಳಿದ್ದವು. ನಾನೂ ಆ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡು, ಮನೆಗೆ ಬಂದವರಿಗೆಲ್ಲ ‘ಪರದೆ ಸರಿದಂತೆ ಕೇಳಿಸುತ್ತದೆ ನೋಡಿ’ ಎನ್ನುತ್ತಿದ್ದೆ. ಒಂದು ಭಾನುವಾರ ವೀಣೆಯ ಧ್ವನಿಮುದ್ರಣ ಹಾಕಿಕೊಂಡು ಕುಳಿತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು, “ಇದು ವೀಣೆಯೋ, ಗಿಟಾರೋ?” ಎಂದಳು. ನಲವತ್ತು ವರ್ಷ ಆ ತಂತಿಗಳನ್ನು ಮೀಟಿದವಳ ಪ್ರಶ್ನೆ. ಅಲ್ಲಿಂದ ಮುಂದೆ ಆ ಸ್ಪೀಕರಿನಲ್ಲಿ ನನಗೂ ಗಿಟಾರೇ ಕೇಳಿಸತೊಡಗಿತು.

ಆಗ ಹೊಳೆದದ್ದು ಇಷ್ಟೇ: ಅಸಲಿ ವಾದ್ಯ ಪಕ್ಕದ ಕೋಣೆಯಲ್ಲೇ ಇರುವಾಗ ಬೇರೆಯವರ ಕಿವಿ ನನಗೇಕೆ? ಅಮ್ಮನ ವೀಣೆಯನ್ನು ಮುದ್ರಿಸಿಕೊಂಡು, ಅದು ವೀಣೆಯಂತೆ ಕೇಳಿಸುವವರೆಗೆ ನಾನೇ ಪೆಟ್ಟಿಗೆ ಕಟ್ಟಿ ತಿದ್ದುವುದು. ಗೆಳೆಯರು ನಕ್ಕರು. ಅಳತೆಯ ಮೈಕನ್ನು ಮಗುವಿನಂತೆ ಹೊತ್ತು ತಿರುಗುವವನೊಬ್ಬನಿದ್ದಾನೆ, “ಕಿವಿಯಲ್ಲಿ ಕ್ರಾಸೋವರ್ ಮಾಡುವುದೂ ಒಂದೇ, ಮೂಗಿನಲ್ಲಿ ಉಪ್ಪು ನೋಡುವುದೂ ಒಂದೇ” ಎಂದ. ಕ್ರಾಸೋವರ್ ಎಂದರೆ ತಗ್ಗಿನ ದನಿಯನ್ನು ದೊಡ್ಡ ಘಟಕಕ್ಕೂ ಎತ್ತರದ್ದನ್ನು ಸಣ್ಣದಕ್ಕೂ ಹಂಚಿಕೊಡುವ ಸರ್ಕ್ಯೂಟು. ಬಿಬಿಸಿಯ ಎಂಜಿನಿಯರುಗಳು ಸ್ಟುಡಿಯೋದಲ್ಲಿ ಮಾತನಾಡುವವರ ದನಿಯನ್ನು ಸ್ಪೀಕರಿನ ದನಿಯ ಜೊತೆ ಹೋಲಿಸಿ ಕೇಳುತ್ತಿದ್ದರು, 1970ರ ದಶಕದ ಎಲ್‌ಎಸ್3/5ಎ ಎಂಬ ಅವರ ಪುಟ್ಟ ಸ್ಪೀಕರ್ ಆ ಪರಂಪರೆಯ ಕೂಸು ಎಂದು ಹೇಳಿ ನೋಡಿದೆ. “ಅವರ ಬಳಿ ಮೈಕೂ ಇತ್ತು” ಎಂದ. ಅದೂ ನಿಜವೇ.

ಮೊದಲ ಎಡವಟ್ಟು ಮುದ್ರಣದಲ್ಲೇ ಆಯಿತು. ಸ್ಪೀಕರ್ ಇಡುವ ಕೋಣೆಯಲ್ಲೇ ಅಮ್ಮನನ್ನು ಕೂರಿಸಿ ಮುದ್ರಿಸಿದೆ. ಹತ್ತಡಿಗೆ ಹನ್ನೆರಡಡಿಯ ಕೋಣೆ, ಕಾಂಕ್ರೀಟ್ ಗೋಡೆ, ಬರಿಯ ನೆಲ. ಹತ್ತಡಿ ಅಗಲದಲ್ಲಿ ಗುಮ್ಮೆನ್ನುವ ಕಂಪನಾಂಕ ಸುಮಾರು 56 ಹರ್ಟ್ಸ್. ಅಮ್ಮನ ಶ್ರುತಿ ಹಾರ್ಮೋನಿಯಮ್ಮಿನ ಎರಡೂವರೆ ಮನೆ, ಅಂದರೆ ವೀಣೆಯ ಅತಿ ತಗ್ಗಿನ ತಂತಿಯಾದ ಅನುಮಂದ್ರ ಪಂಚಮ 58 ಹರ್ಟ್ಸ್ ಹತ್ತಿರ. ಮುದ್ರಿಸುವಾಗ ಒಮ್ಮೆ, ಕೇಳುವಾಗ ಇನ್ನೊಮ್ಮೆ ಕೋಣೆ ಸೇರಿಕೊಂಡು, ವೀಣೆಯೊಳಗೆ ಯಾರೋ ಡೊಳ್ಳು ಬಾರಿಸಿದಂತಾಯಿತು. ನಾನು ಪೆಟ್ಟಿಗೆಯದೇ ತಪ್ಪೆಂದು ತಿಳಿದು ಎರಡು ಜೋಡಿ ಪೆಟ್ಟಿಗೆ ಕುಯ್ಯಿಸಿ ಹಾಳು ಮಾಡಿದೆ. ಪ್ಲೈವುಡ್ಡು, ಬಡಗಿಯ ಕೂಲಿ ಎಲ್ಲ ಸೇರಿ ಏಳು ಸಾವಿರದಷ್ಟು ಹೋಯಿತು. ಆಮೇಲೆ ಬುದ್ಧಿ ಬಂದು, ಬೆಳಗಿನ ಐದಕ್ಕೆ, ಬಸ್ಸುಗಳು ಶುರುವಾಗುವ ಮೊದಲು, ತಾರಸಿಯ ಮೇಲೆ ಮುದ್ರಿಸಿದೆವು. ಮೂರನೆಯ ದಿನ ಕಾಗೆಯಿಲ್ಲದ ಆರು ನಿಮಿಷ ಸಿಕ್ಕಿತು. ಅಮ್ಮನಿಗೆ ಶೀತವಾಯಿತು, ಹೆಂಡತಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಘಟಕಗಳು ಮಾಮೂಲಿನವೇ. ತಗ್ಗಿನ ದನಿಗೆ ಆರೂವರೆ ಇಂಚಿನ ಕಾಗದದ ಕೋನ್, ಎತ್ತರದ ದನಿಗೆ ರೇಷ್ಮೆಯ ಗುಮ್ಮಟದ ಟ್ವೀಟರ್, ಎರಡನೆಯ ದರ್ಜೆಯ ಕ್ರಾಸೋವರ್. ಆಮದು ಸುಂಕ ಸೇರಿ ಹದಿನಾಲ್ಕು ಸಾವಿರ, ಉಳಿದದ್ದೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ಸಿಕ್ಕಿತು. ಮುಂದಿನ ಹಲಗೆಯ ಅಗಲ 20 ಸೆಂ.ಮೀ. ಆದ್ದರಿಂದ 575 ಹರ್ಟ್ಸ್ ಆಸುಪಾಸಿನಿಂದ ಕೆಳಗೆ ದನಿ ಹಲಗೆಯನ್ನು ಸುತ್ತಿ ಹಿಂದಕ್ಕೂ ಹರಡಿ, ಮುಂದೆ ಸೊರಗುತ್ತದೆ. ಲೆಕ್ಕದಂತೆ ಪೂರ್ತಿ 6 ಡೆಸಿಬೆಲ್ ತುಂಬಿಕೊಟ್ಟೆ. ವೀಣೆ ನೀರಿನ ಕೊಡದೊಳಗೆ ಕುಳಿತು ನುಡಿದಂತಾಯಿತು. ನನ್ನ ಸ್ಪೀಕರ್ ಗೋಡೆಗೆ ಒಂದೂವರೆ ಅಡಿ ದೂರದಲ್ಲಿದೆ, ಅರ್ಧ ಕೆಲಸವನ್ನು ಗೋಡೆಯೇ ಮಾಡುತ್ತದೆ. ಕ್ರಾಸೋವರಿನ ಕಾಯಿಲಿನ ಸುತ್ತುಗಳನ್ನು ಬಿಚ್ಚುತ್ತಾ ಬಿಚ್ಚುತ್ತಾ ಮೂರು ಡೆಸಿಬೆಲ್ ಸುಮಾರಿಗೆ ನಿಂತೆ.

ಹೆಚ್ಚು ದಿನ ತಿಂದದ್ದು ಟ್ವೀಟರಿನ ದನಿಯನ್ನು ತಗ್ಗಿಸಲು ಅದರ ಮುಂದೆ ಹಾಕುವ ರೆಸಿಸ್ಟರ್. 2.2 ಓಮ್ ಹಾಕಿದರೆ ತಂತಿಗಿಂತ ಉಗುರೇ ಮುಂದೆ. 4.7ಕ್ಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೀಟಿದಂತೆ. 3.3ಕ್ಕೆ ಬಂದಾಗ ಮೀಟು, ನಾದ, ಗಮಕದ ಎಳೆತ ಮೂರೂ ಒಂದೇ ಕೈಯಿಂದ ಬಂದವು. ಈ ನಡುವೆ ತಂತಿ ಜಾರಿ ಕೆಪಾಸಿಟರ್ ಶಾರ್ಟ್ ಆಗಿ ಒಂದು ಟ್ವೀಟರ್ ಸುಟ್ಟಿತು, ಮೂರು ಸಾವಿರದ ಎಂಟುನೂರು. ಒಳಗೆ ತುಂಬಿದ್ದು ಹಾಸಿಗೆಯ ಅರಳೆ. ಎಷ್ಟು, ಯಾವ ಗೋಡೆಗೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕಿವಿಯನ್ನು ನಂಬುತ್ತೇನೆಂದರೆ ಕಣ್ಣನ್ನೂ ನಂಬುತ್ತೇನೆಂದಲ್ಲ. ಹಾಸಿಗೆಯ ತೆಳು ಹೊದಿಕೆಯನ್ನು ಅಡ್ಡಕ್ಕೆ ಕಟ್ಟಿ, ಮಾರುವ ಮೊದಲೇ ಆ ವಿದೇಶಿ ಜೋಡಿಯನ್ನೂ ನನ್ನದನ್ನೂ ಅದರ ಹಿಂದೆ ಇಟ್ಟೆ. ಪಿಂಕ್ ನಾಯ್ಸ್, ಅಂದರೆ ಎಲ್ಲ ಕಂಪನಾಂಕಗಳೂ ಬೆರೆತ ಮೊರೆತ ಹಾಕಿ, ಕೂರುವ ಜಾಗದಲ್ಲಿ ಮೊಬೈಲಿನಿಂದ ಅಳೆದು ಎರಡರ ದನಿಯನ್ನೂ ಸಮ ಮಾಡಿದೆ. ತುಸು ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳಿಸುವ ಕಾರಣ ಇದನ್ನು ಮಾಡದಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ. ಮಗ ನಾಣ್ಯ ಚಿಮ್ಮಿ ಬದಲಾಯಿಸುತ್ತಿದ್ದ. ಹನ್ನೆರಡು ಸರದಿಯಲ್ಲಿ ಅಮ್ಮ ಹತ್ತೋ ಹನ್ನೊಂದೋ ಬಾರಿ ನನ್ನ ಪೆಟ್ಟಿಗೆಯನ್ನೇ ‘ವೀಣೆ’ ಎಂದಳು. ಮೈಕಿನ ಗೆಳೆಯನೂ ಒಂಬತ್ತು ಬಾರಿ ಹಾಗೇ ಹೇಳಿದ, ಹೇಳಿ ಮುಖ ಸಣ್ಣದು ಮಾಡಿಕೊಂಡ.

ಅದೇ ಹೊದಿಕೆಯ ಹಿಂದೆ ನನ್ನ ಮಾನವೂ ಹೋಯಿತು. ಐದು ಸಾವಿರದ ಸ್ಪೀಕರ್ ತಂತಿಯನ್ನೂ ಮೀಟರಿಗೆ ಮೂವತ್ತು ರೂಪಾಯಿಯ ವಿದ್ಯುತ್ ತಂತಿಯನ್ನೂ ಹದಿನಾರು ಸಲ ಬದಲಾಯಿಸಿ ಕೇಳಿದೆ. ಒಂಬತ್ತು ಸರಿ, ಏಳು ತಪ್ಪು. ಬರಿಯ ನಾಣ್ಯವೂ ಅಷ್ಟೇ ಹೇಳುತ್ತಿತ್ತು. ದುಬಾರಿ ತಂತಿಯಲ್ಲಿ ತಂಬೂರಿ ‘ಉಸಿರಾಡುತ್ತದೆ’ ಎಂದು ಮೂರು ವರ್ಷ ಸಾಧಿಸಿದವನು ನಾನು. ಇನ್ನೊಂದು ಸಂಜೆ ಟೋನ್ ಹಾಕಿ ನೋಡಿದರೆ 12,000 ಹರ್ಟ್ಸ್ ದಾಟಿದ ಮೇಲೆ ನನಗೆ ಏನೂ ಕೇಳಿಸದು. ಮಗ ಕಿವಿ ಮುಚ್ಚಿಕೊಂಡು ಎದ್ದು ಹೋದ. ಅಂದಿನಿಂದ 18,000ದ ಮೇಲಿನ ‘ಗಾಳಿಯಂಥ ಹಗುರ’ವನ್ನು ಬಣ್ಣಿಸುವ ಪುಟಗಳನ್ನು ಓದುವುದು ಬಿಟ್ಟಿದ್ದೇನೆ, ಸಮಯ ಉಳಿದಿದೆ.

ಆಮೇಲೆ ಗೆಳೆಯ ಮೈಕ್ ತಂದು ಅಳೆದ. 3,000 ಹರ್ಟ್ಸ್ ಬಳಿ ಒಂದು ತಗ್ಗಿದೆ, ಸರಿಪಡಿಸು ಎಂದ. ಸರಿಪಡಿಸಿ ಒಂದು ವಾರ ಕೇಳಿ, ಮತ್ತೆ ಮೊದಲಿನಂತೆ ಮಾಡಿದೆ. ಈಗ ಅವನು ರೆಸಿಸ್ಟರ್ ಎಷ್ಟು ಓಮಿನದೆಂದು ಕೇಳುತ್ತಿದ್ದಾನೆ. 3.3 ಎಂದು ಹೇಳಿದ್ದೇನೆ. ಅದರ ಪಕ್ಕದಲ್ಲಿ ಇನ್ನೊಂದಿದೆ ಎಂದು ಹೇಳಿಲ್ಲ.

ಮೊನ್ನೆ ಆ ತಾರಸಿಯ ಮುದ್ರಣವನ್ನು ಹಾಕಿದಾಗ ಅಮ್ಮ ನಡುವೆಯೇ ಕೈ ಎತ್ತಿ ನಿಲ್ಲಿಸಿದಳು. ಅಂತರ ಗಾಂಧಾರದ ಮೆಟ್ಟಿಲು ಕೂದಲೆಳೆಯಷ್ಟು ಇಳಿದಿದೆಯಂತೆ, ಅದನ್ನು ಹಿಡಿದಿಡುವ ಮೇಣ ಸಡಿಲವಾಗಿರಬೇಕಂತೆ. ಹಳೆಯ ಸ್ಪೀಕರಿನಲ್ಲಿ ಅದೇ ಮುದ್ರಣವನ್ನು ಎಷ್ಟೋ ಸಲ ಕೇಳಿದ್ದಳು, ಹೇಳಿರಲಿಲ್ಲ. ವೀಣೆಯನ್ನು ತಂದು ನೋಡಿದೆವು, ಸಡಿಲವೇ. ಹೊಸ ಆಂಪ್ಲಿಫಯರಿಗೆಂದು ಎತ್ತಿಟ್ಟಿದ್ದ ಹಣ ಈ ತಿಂಗಳು ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಹೊಸದಾಗಿ ಮೇಣದಲ್ಲಿ ಕೂರಿಸಲು, ಮೈಸೂರಿಗೆ ಹೋಗುತ್ತಿದೆ.