ಕಾರ್ನ್ ಸ್ನೇಕ್ ಮೊಟ್ಟೆಗೆ ಮನೆಯಲ್ಲೇ ಮಾಡುವ ಕಾವು ಪೆಟ್ಟಿಗೆ

ಕಾರ್ನ್ ಸ್ನೇಕ್ (ಸಾಕುವ, ವಿಷವಿಲ್ಲದ ಅಮೆರಿಕದ ಹಾವು) ಮೊಟ್ಟೆಗೆ 27ರಿಂದ 29 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ಕೋಳಿಮೊಟ್ಟೆಯ ಇನ್‌ಕ್ಯುಬೇಟರ್ 37.5 ಡಿಗ್ರಿಯದು, ಸಾಲದ್ದಕ್ಕೆ ಮೊಟ್ಟೆ ಹೊರಳಿಸುತ್ತದೆ. ಇಲ್ಲಿ ಎರಡೂ ಮಾರಕ.

ಬೇಕಾದದ್ದು: ಮೀನು ಸಾಗಿಸುವ 30–40 ಲೀಟರಿನ ಥರ್ಮಾಕೋಲ್ ಪೆಟ್ಟಿಗೆ, 50 ವಾಟ್ ಅಕ್ವೇರಿಯಂ ಹೀಟರ್, ಎಸ್‌ಟಿಸಿ-1000 ಥರ್ಮೋಸ್ಟಾಟ್ (ಕಾವು ನೋಡಿ ಹೀಟರನ್ನು ತಾನೇ ಹಚ್ಚಿ ಆರಿಸುವ ಸಾಧನ), ಎರಡು ಇಟ್ಟಿಗೆ, 2 ಲೀಟರಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ನರ್ಸರಿಯಲ್ಲಿ ಸಿಗುವ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜ) 100 ಗ್ರಾಂ, ಪ್ರತ್ಯೇಕ ಥರ್ಮಾಮೀಟರ್.

ಪೆಟ್ಟಿಗೆಯೊಳಗೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅವುಗಳ ತುದಿಗಿಂತ ಎರಡು ಬೆರಳು ಕೆಳಗಿನವರೆಗೆ ನೀರು ಹಾಕಿ. ಮೊಟ್ಟೆಯ ಡಬ್ಬಿ ಇಟ್ಟಿಗೆಗಳ ಮೇಲೆ ಕೂರುತ್ತದೆ. ಹೀಟರ್ ಪೂರ್ತಿ ಮುಳುಗಿರಬೇಕು. ನೀರು ಇಳಿದು ಗಾಜು ಹೊರಗೆ ಕಂಡರೆ ಒಡೆಯುತ್ತದೆ. ಬಲ್ಬಿಗಿಂತ ನೀರು ಮೇಲು: ಕರೆಂಟ್ ಹೋದರೂ ಕಾವು ಥಟ್ಟನೆ ಇಳಿಯುವುದಿಲ್ಲ.

ಹೀಟರಿಗೆ ಕರೆಂಟ್ ಥರ್ಮೋಸ್ಟಾಟಿನ ಮೂಲಕ ಹೋಗಲಿ. ಅದನ್ನು 28ಕ್ಕೆ, ವ್ಯತ್ಯಾಸ (ಎಷ್ಟು ಇಳಿದರೆ ಹೀಟರ್ ಮತ್ತೆ ಹೊತ್ತಬೇಕೆಂಬುದು) 0.5ಕ್ಕೆ ಇಡಿ. ಅದರ ಸೆನ್ಸರ್ ನೀರಿನಲ್ಲಲ್ಲ, ಮೊಟ್ಟೆಯ ಡಬ್ಬಿಯೊಳಗೆ ಇರಲಿ. ಹೀಟರಿನ ಸ್ವಂತ ಡಯಲನ್ನು 32ಕ್ಕೆ ತಿರುಗಿಸಿಡಿ. ಥರ್ಮೋಸ್ಟಾಟಿನೊಳಗಿನ ಸ್ವಿಚ್ (ರಿಲೇ) ಅಂಟಿಕೊಂಡು ಹೀಟರ್ ಆರದೇ ಹೋದ ದಿನ ಮೊಟ್ಟೆ ಉಳಿಸುವುದು ಇದೊಂದೇ. ವೈರಿಂಗ್ 230 ವೋಲ್ಟಿನದು, ನೀರು ಪಕ್ಕದಲ್ಲೇ ಇದೆ. ಅರ್ಥಿಂಗ್ ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದ ಪ್ಲಗ್ಗಿಗೆ ಹಾಕಬೇಡಿ. ಮೊಟ್ಟೆ ಇಡುವ ಮೊದಲು ಎರಡು ದಿನ ಖಾಲಿ ಓಡಿಸಿ, ಥರ್ಮಾಮೀಟರಿನೊಂದಿಗೆ ತಾಳೆ ನೋಡಿ.

ವರ್ಮಿಕ್ಯುಲೈಟಿಗೆ ಅಷ್ಟೇ ತೂಕದ ನೀರು ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿದರೆ ಹೆಚ್ಚಾಯಿತು. ಡಬ್ಬಿಗೆ 3 ಮಿ.ಮೀ.ನ ನಾಲ್ಕು ತೂತು ಪಕ್ಕಗಳಲ್ಲಿ ಕೊರೆಯಿರಿ. ಮುಚ್ಚಳದಲ್ಲಿ ಕೊರೆದರೆ ಮೇಲಿನ ಥರ್ಮಾಕೋಲಿನಲ್ಲಿ ಕಟ್ಟಿದ ಹನಿ ನೇರ ಮೊಟ್ಟೆಯ ಮೇಲೆಯೇ ಬೀಳುತ್ತದೆ. ಒಂದೇ ಕಡೆ ಒದ್ದೆಯಾದ ಚಿಪ್ಪು ಬೂಸ್ಟು ಹಿಡಿಯಲು ತಡವಿಲ್ಲ.

ಮೊಟ್ಟೆ ಎತ್ತುವ ಮೊದಲೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅದೇ ಮಗ್ಗುಲಲ್ಲಿ ಅರ್ಧ ಹೂತಿಡಿ. ಗುಂಪಾಗಿ ಅಂಟಿಕೊಂಡಿದ್ದರೆ ಬಿಡಿಸಬೇಡಿ. ವಾರಕ್ಕೊಮ್ಮೆ ಅರ್ಧ ನಿಮಿಷ ಮುಚ್ಚಳ ತೆರೆದು ಗಾಳಿಯಾಡಿಸಿ, ಒಳಗಿನ ಹನಿ ಒರೆಸಿ. ಮೊದಲ ವಾರಗಳಲ್ಲಿ ಮೊಟ್ಟೆ ಕುಳಿಬಿದ್ದರೆ ತೇವ ಸಾಲದು. ಡಬ್ಬಿಯ ಅಂಚಿಗೆ ಉಗುರುಬೆಚ್ಚಗಿನ ನೀರು ಚಮಚದಲ್ಲಿ ಹಾಕಿ. ಕೊನೆಯ ವಾರದ ಕುಳಿ ಸಹಜ.

ಕಾವು 32 ದಾಟಿ ನಿಂತರೆ ಮರಿಯ ಬೆನ್ನೆಲುಬು ಸೊಟ್ಟಗಾಗಬಹುದು, ಸಾಯಲೂಬಹುದು. ಒಂದೆರಡು ಡಿಗ್ರಿ ಕಡಿಮೆಯಾದರೆ ಒಡೆಯುವುದು ತಡವಾಗುತ್ತದೆ, ಅಷ್ಟೇ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಹೀಟರ್ ಆರಿದ್ದರೂ ಪೆಟ್ಟಿಗೆ ಕಾಯುತ್ತದೆ. ಇದಕ್ಕೆ ತಂಪು ಮಾಡಲು ಬರುವುದಿಲ್ಲ. ಎಸಿ ಕೋಣೆಯೇ ಗತಿ.

ಹಿತ್ತಲಲ್ಲಿ ಸಿಕ್ಕ ಕೇರೆಹಾವಿನ ಮೊಟ್ಟೆಗೆ ಇದನ್ನು ಬಳಸುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಸರೀಸೃಪದ ಮೊಟ್ಟೆ ಕದಲಿಸುವುದೂ ಬೇಟೆಯೇ; ಅರಣ್ಯ ಇಲಾಖೆಗೆ ತಿಳಿಸಿ.

ಸುಮಾರು 60 ದಿನಕ್ಕೆ ಚಿಪ್ಪು ಸೀಳಿ ಮೂತಿ ಕಾಣುತ್ತದೆ. ಮರಿ ಅಲ್ಲೇ ಒಂದೆರಡು ದಿನ ಕೂತು ಉಳಿದ ಹಳದಿ ಹೀರಿಕೊಳ್ಳುತ್ತದೆ. ಎಳೆಯಬೇಡಿ.