ಪ್ಲಾಕ್ ಸ್ಲೈಡ್ ನೋಡುವುದು ಹೇಗೆ?

ಪ್ಲಾಕ್ (ಒಳಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ದಪ್ಪ ಪದರ) ಇರುವ ಅಪಧಮನಿಯ ಸ್ಲೈಡ್ ಕೈಗೆ ಸಿಕ್ಕ ಕೂಡಲೇ ಮೈಕ್ರೋಸ್ಕೋಪಿಗೆ 40ಎಕ್ಸ್ ಲೆನ್ಸ್ ಹಾಕಬೇಡಿ. ನನ್ನ ಹತ್ತಿರ ಕಲಿಯಲು ಬರುವವರು ಹೆಚ್ಚಾಗಿ ಅದನ್ನೇ ಮಾಡುತ್ತಾರೆ. ಮೊದಲು 4ಎಕ್ಸ್‌ನಲ್ಲಿ ಇಡೀ ಸುತ್ತು ನೋಡಿ. ಕೊಬ್ಬಿನ ತಿರುಳು ಎಲ್ಲಿದೆ, ಅದರ ಮೇಲಿನ ನಾರಿನ ಹೊದಿಕೆ ಎಲ್ಲಿದೆ? ಸೂಜಿಯಂಥ ಖಾಲಿ ಸೀಳು ಕಂಡರೆ ಅದು ಕೊಲೆಸ್ಟರಾಲ್ ಹರಳು ಇದ್ದ ಜಾಗ. ಸ್ಲೈಡ್ ತಯಾರಿಸುವಾಗ ಹರಳು ಕರಗಿ ಹೋಗಿರುತ್ತದೆ.

ಆಮೇಲೆ ಹೊದಿಕೆಯ ದಪ್ಪ ಅಳೆಯಿರಿ. 65 ಮೈಕ್ರಾನ್‌ಗಿಂತ ತೆಳುವಾಗಿದ್ದು, ಮ್ಯಾಕ್ರೋಫೇಜ್ (ಕೊಬ್ಬು, ಕಸ ನುಂಗುವ ರಕ್ಷಣಾ ಕೋಶ) ತುಂಬಿದ್ದರೆ ಒಡೆಯುವ ಅಪಾಯ ಜಾಸ್ತಿ. ನಾನಂತೂ ನಡುಭಾಗಕ್ಕಿಂತ ಹೊದಿಕೆ ಗೋಡೆಗೆ ಸೇರುವ ಅಂಚನ್ನೇ ಹೆಚ್ಚು ಹೊತ್ತು ನೋಡುತ್ತೇನೆ. ಉರಿಯೂತದ ಕೋಶಗಳು ಅಲ್ಲೇ ಗುಂಪು ಸೇರುವುದು ಜಾಸ್ತಿ. ಸಿಡಿ68 ಸ್ಟೇನ್ (ಈ ಕೋಶಗಳನ್ನು ಗುರುತಿಸುವ ಬಣ್ಣ) ಹಾಕಿಸಿದರೆ ಮ್ಯಾಕ್ರೋಫೇಜ್‌ಗಳು ಎದ್ದು ಕಾಣುತ್ತವೆ.

ಈಗ ಹೊಸ ರಕ್ತನಾಳಗಳು. ಪ್ಲಾಕ್ ದಪ್ಪವಾದಂತೆ ಒಳಗೆ ಆಮ್ಲಜನಕ ಸಾಲುವುದಿಲ್ಲ. ಕೋಶಗಳು ವಿಇಜಿಎಫ್ (ಹೊಸ ರಕ್ತನಾಳ ಬೆಳೆಸುವ ಪ್ರೋಟೀನ್) ಬಿಡುತ್ತವೆ, ಹೊರಪದರದಿಂದ ಸಣ್ಣ ನಾಳಗಳು ಒಳಕ್ಕೆ ಚಿಗುರುತ್ತವೆ. ಮಾಮೂಲಿ ಸ್ಟೇನ್‌ನಲ್ಲಿ ಇವು ಕಣ್ತಪ್ಪುತ್ತವೆ. ಅದಕ್ಕೇ ನಾಳದ ಒಳಪದರದ ಕೋಶಗಳನ್ನು ತೋರಿಸುವ ಸಿಡಿ31 ಅಥವಾ ಸಿಡಿ34 ಸ್ಟೇನ್ ಮಾಡಿಸಿ. ಈ ಹೊಸ ನಾಳಗಳ ಗೋಡೆ ಗಟ್ಟಿ ಇರುವುದಿಲ್ಲ, ಸೋರುತ್ತವೆ. ಸುತ್ತ ಕೆಂಪು ರಕ್ತಕಣ ಚೆಲ್ಲಿದೆಯಾ ನೋಡಿ. ಆದರೆ ತಾಜಾ ರಕ್ತವನ್ನು ಸುಮ್ನೆ ನಂಬಬೇಡಿ, ಆಪರೇಷನ್ ವೇಳೆ ಆದದ್ದೂ ಇರಬಹುದು ಅಲ್ವಾ? ಕಬ್ಬಿಣ ತೋರಿಸುವ ಪರ್ಲ್ಸ್ ಸ್ಟೇನ್ ಹಾಕಿಸಿ. ಮ್ಯಾಕ್ರೋಫೇಜ್ ಒಳಗೆ, ಅದು ನುಂಗಿದ ರಕ್ತಕಣದ ಕಬ್ಬಿಣ ನೀಲಿಯಾಗಿ ಕಂಡರೆ ಸೋರಿಕೆ ಹಳೆಯದು.

ರಿಪೋರ್ಟಿನಲ್ಲಿ ಬರೀ ‘ಉರಿಯೂತ ಇದೆ’ ಅಂದರೆ ಸಾಲದು. ಯಾವ ಅಂಚಿನಲ್ಲಿ, ಹೊದಿಕೆ ಎಷ್ಟು ದಪ್ಪ, ರಕ್ತ ಸೋರಿದೆಯಾ, ಅದನ್ನೂ ಬರೆಯಿರಿ.