ಸಾವಾದ ಮನೆಗೆ ಹೋದಾಗ ಏನು ಮಾಡಬೇಕು, ಏನು ಆಡಬಾರದು

ಹೊರಡುವ ಮುನ್ನ ಬೈಬಲ್‌ನಲ್ಲಿ ಯೋಬನ ಗ್ರಂಥದ ಎರಡನೇ ಅಧ್ಯಾಯದ ಕೊನೆಯ ಮೂರು ವಚನ ಓದಿಕೊಳ್ಳಿ. ಎಲೀಫಜ, ಬಿಲ್ದದ, ಚೋಫರ ಮಕ್ಕಳನ್ನು ಕಳೆದುಕೊಂಡ ಗೆಳೆಯ ಯೋಬನ ಜೊತೆ ನೆಲದ ಮೇಲೆ ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಅವನ ಕಷ್ಟಕ್ಕೆ ಕಾರಣ ಹೇಳಹೊರಟಾಗ ಕೆಟ್ಟಿತು. 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅವರ ಮೇಲೆಯೇ.

ಮೊದಲ ಭೇಟಿಗೆ ಇಪ್ಪತ್ತು ನಿಮಿಷ ಸಾಕು. ಪಕ್ಕದಲ್ಲಿ ಕೂತುಕೊಳ್ಳಿ. ‘ಹೇಗಾಯ್ತು?’ ಎಂದು ಕೇಳಬೇಡಿ. ಬಂದವರೆಲ್ಲ ಅದನ್ನೇ ಕೇಳಿ, ಆ ಮನೆಯವರು ಹೇಳಿದ್ದನ್ನೇ ಹೇಳಿ ಸೋತಿರುತ್ತಾರೆ. ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ. ಅತ್ತರೆ ಅಳಲಿ. ಸತ್ತ ಲಾಜರನನ್ನು ಎಬ್ಬಿಸಲಿದ್ದ ಯೇಸುವೂ ಅದಕ್ಕೆ ಮೊದಲು ಅತ್ತನು.

‘ಎಲ್ಲಾ ದೇವರ ಚಿತ್ತ’, ‘ಒಳ್ಳೆಯವರನ್ನು ದೇವರು ಬೇಗ ಕರ್ಕೋತಾನೆ’, ‘ಮಕ್ಕಳ ಮುಖ ನೋಡಿ ಧೈರ್ಯ ತಂದ್ಕೋ’: ಈ ಮೂರನ್ನೂ ಬಿಟ್ಟುಬಿಡಿ. ಮೊದಲೆರಡು ಸಾವಿನ ಹೊಣೆಯನ್ನು ದೇವರ ತಲೆಗೆ ಕಟ್ಟುತ್ತವೆ, ಅದೂ ಅವನ ಆಸರೆ ಬೇಕಾದ ಹೊತ್ತಿನಲ್ಲಿ. ಮೂರನೆಯದು ಅಳುವ ಹಕ್ಕನ್ನೇ ಕಸಿಯುತ್ತದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗೇ ಆಗುತ್ತದೆ ಎನ್ನುವ, ರೋಮಾಪುರದವರಿಗೆ ಬರೆದ ಪತ್ರದ 8:28 ಸತ್ಯವಚನವೇ ಇರಬಹುದು, ಆದರೆ ಶವಪೆಟ್ಟಿಗೆ ಮುಂದೆ ಆಡುವ ಮಾತಲ್ಲ. ‘ಏನು ಹೇಳಬೇಕೋ ತೋಚ್ತಿಲ್ಲ, ಅದಕ್ಕೇ ಬಂದೆ’ ಎಂದರೆ ಸಾಕು.

ಪ್ರಾರ್ಥನೆ ಮಾಡುವುದಾದರೆ ಕೇಳಿ ಮಾಡಿ. ಬೇಡವೆಂದರೆ ಬೇಸರಿಸಬೇಡಿ, ಮನೆಗೆ ಹೋಗಿ ಮಾಡಬಹುದಲ್ಲ. ಎರಡು ನಿಮಿಷ ಮೀರದಿರಲಿ, ತೀರಿಕೊಂಡವರ ಹೆಸರು ಬರಲಿ. ಕಣ್ಣು ಮುಚ್ಚಿ ಬೋಧನೆ ಮಾಡುವ ಚಾಳಿ ನಮ್ಮಲ್ಲಿ ಹಲವರಿಗಿದೆ, ಅದು ಬೇಡ. ಮನೆಯವರು ದೇವರ ಮೇಲೆ ಕೋಪಗೊಂಡಿದ್ದರೆ 88ನೇ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ. ಅಂಥ ಗೋಳಿಗೂ ಬೈಬಲ್‌ನಲ್ಲಿ ಜಾಗವಿದೆ ಎಂದು ತಿಳಿಯುವುದೇ ಎಷ್ಟೋ ಸಮಾಧಾನ.

ಇನ್ನು ಕೆಲಸ. ಸಾವು ಬೇಡಿಕೊಂಡು ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ತಿಂದು ಮಲಗಿದವನನ್ನು ಮತ್ತೆ ಎಬ್ಬಿಸಿ ಉಣ್ಣಿಸಿದ. ‘ಏನಾದ್ರೂ ಬೇಕಿದ್ರೆ ಹೇಳು’ ಅನ್ನಬೇಡಿ, ಯಾರೂ ಹೇಳುವುದಿಲ್ಲ. ‘ನಾಳೆ ರಾತ್ರಿ ಎಂಟಕ್ಕೆ ಗಂಜಿ, ಪಲ್ಯ ತರ್ತೀನಿ’ ಅನ್ನಿ. ಪಾತ್ರೆ ಹಿಂದಿರುಗಿಸುವ ತಾಪತ್ರಯ ಅವರಿಗೆ ಬೇಡ. ಮಕ್ಕಳನ್ನು ಶಾಲೆಗೆ ಬಿಡುವುದು, ಚರ್ಚಿನ ಪೂಜೆಗೋ ಆರಾಧನೆಗೋ ಗುರುಗಳ ಜೊತೆ ಸಮಯ ಗೊತ್ತುಮಾಡುವುದು, ಮರಣ ನೋಂದಣಿಯ ಓಡಾಟ, ಇವನ್ನು ಹಂಚಿಕೊಳ್ಳಿ. ನೋಂದಣಿಗೆ 21 ದಿನದೊಳಗೆ ಮಾಹಿತಿ ಕೊಡಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯವರೇ ಕೊಡುತ್ತಾರೆ, ಮನೆಯಲ್ಲಾದರೆ ಮನೆಯವರು ಕೊಡಬೇಕು.

ಹೆಚ್ಚಿನವರು ತಪ್ಪುವುದು ಆಮೇಲೆ. ಕಥೋಲಿಕರ ಮನೆಯಲ್ಲಿ ಏಳನೇ ದಿನದ, ತಿಂಗಳಿನ ಪೂಜೆವರೆಗೆ ಜನ ಇರುತ್ತಾರೆ. ಆಮೇಲೆ ಮನೆ ಬಣಗುಟ್ಟುತ್ತದೆ. ಮೊಬೈಲಿನಲ್ಲಿ ಈಗಲೇ ದಿನ ಗುರುತಿಟ್ಟುಕೊಳ್ಳಿ: ನಲವತ್ತೈದನೇ ದಿನ, ಮೂರನೇ ತಿಂಗಳು, ತೀರಿಕೊಂಡವರ ಹುಟ್ಟುಹಬ್ಬ, ನವೆಂಬರ್ 2ರ ಮೃತರ ದಿನ, ಮೊದಲ ಕ್ರಿಸ್‌ಮಸ್. ಆ ದಿನ ಫೋನ್ ಮಾಡಿ, ಹೆಸರು ಹಿಡಿದೇ ನೆನೆಯಿರಿ.

ವಾರಗಟ್ಟಲೆ ಊಟ, ನಿದ್ದೆ ಬಿಟ್ಟಿದ್ದರೆ ಅದನ್ನು ವಿಶ್ವಾಸದ ಕೊರತೆ ಅನ್ನಬೇಡಿ. ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ‘ನಾನೂ ಹೋಗ್ತೀನಿ’ ಎಂಬ ಮಾತು ಬಂದರೆ ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಜೊತೆಯಲ್ಲೇ ಕೂತು ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.